ರಂಗನಾಯಕಿಯವರ ಪುಟದಲ್ಲೊಂದು ಮೀನು

ಗೆಳೆಯರೇ, ನಮ್ಮ ವಿದ್ಯಾರ್ಥಿನಿಲಯದಲ್ಲಿ ಓದಿದ ಮಹಿಳೆಯರ ಸ್ಮರಣ ಪುಸ್ತಕದಿಂದ ಇಂದು ಒಂದು ಪ್ರಸಂಗ ಅಳಿಸಿಯೇ ಹೋಗುತ್ತಿತ್ತು. ದಿವಂಗತ ರಂಗನಾಯಕಿಯವರ ಬಗ್ಗೆ ನನ್ನ ಶಿಷ್ಯೆ ಮೇಘನಾ ಬರೆದದ್ದನ್ನು ಓದಿ ಅವರ ಮಗ ಕೆಂಡವಾದರು.

“ಎನ್ನಮ್ಮಾ ಇದು? ಕಾಸಿಮೇಡು ಬಂದರಲ್ಲಿ ಮೀನು ತಿಂದ್ಲಾ? ನಮ್ಮಮ್ಮ ಈರುಳ್ಳೀನೂ ಮುಟ್ಟಿದವಳಲ್ಲ. ತೆಗಿ ಅದನ್ನ!”

“ಅಂಕಲ್, ಅವರ ರೂಮ್‌ಮೇಟೇ ಹೇಳಿದ್ದು,” ಎಂದಳು ಮೇಘನಾ.

ಪಕ್ಕದಲ್ಲಿದ್ದ ಆ ರೂಮ್‌ಮೇಟ್ ಅಜ್ಜಿ ತಲೆಯಾಡಿಸಿದರು. “ಆಮಾ ಕಣೋ. ಹಾಸ್ಟೆಲ್ ಗೋಡೆ ಹಾರಿ ಹೋಗಿದ್ವಿ. ನನಗೆ ವಾಂತಿ ಬಂತು. ನನ್ನ ಪಾಲನ್ನೂ ಅವಳೇ ತಿಂದ್ಲು.”

ಮಗ ಆ ಪುಟವನ್ನು ಮತ್ತೊಮ್ಮೆ ಓದಿದರು. ಕಡೆಗೆ ಮೆಲ್ಲನೆ ಕೇಳಿದರು: “ಯಾವ ಮೀನು?”

“ವಂಜರಂ.”

“ಹಾಗಾದ್ರೆ ಅದನ್ನೂ ಸೇರಿಸಮ್ಮಾ.”

ಮೇಘನಾ ಈಗ ಉಳಿದ ರೂಮ್‌ಮೇಟ್ ಅಜ್ಜಿಯರಿಗೆಲ್ಲ ಫೋನ್ ಮಾಡುತ್ತಿದ್ದಾಳೆ. ಉಳಿದ ಪುತ್ರರತ್ನಗಳು ದಯವಿಟ್ಟು ಮನಸ್ಸು ಗಟ್ಟಿ ಮಾಡಿಕೊಳ್ಳತಕ್ಕದ್ದು.