ಮೊಂಡನ ಐದನೆಯ ಕೈ

ಶಾಲೆಯಲ್ಲಿ ಆಕೆಯನ್ನು ಎಲ್ಲರೂ ಕರೆಯುತ್ತಿದ್ದುದು ಕಲ್ಲು ಟೀಚರ್ ಎಂದು. ಕಲಿಸುತ್ತಿದ್ದುದು ವಿಜ್ಞಾನವನ್ನೇ. ಆದರೆ ಕಡಲಿನ ನೀರಿಳಿದ ಹೊತ್ತಿಗೆ ಏಳನೇ ತರಗತಿಯನ್ನು ಬಂಡೆಗಳ ಬಳಿ ಕರೆದೊಯ್ದು ಪ್ರತಿಸಲ ಅದೇ ರಾಗ ಎಳೆಯುತ್ತಿದ್ದರು: "ಕೈ ಒದ್ದೆ ಮಾಡ್ಕೊಂಡು ಮುಟ್ಟಿ. ಏನನ್ನೂ ಕಿತ್ಕೊಂಡು ಬರ್ಬೇಡಿ. ಎತ್ತಿದ ಕಲ್ಲನ್ನ ಎಲ್ಲಿತ್ತೋ ಅಲ್ಲೇ, ಹೇಗಿತ್ತೋ ಹಾಗೇ ಇಡಿ. ಅದು ಯಾರದೋ ಮನೆಯ ಸೂರು."

ತರಗತಿಯ ಗಾಜಿನ ತೊಟ್ಟಿಯಲ್ಲಿ ಒಂದು ನಕ್ಷತ್ರಮೀನು ಮಾತ್ರ ಇತ್ತು. ಬಲೆಗೆ ಸಿಕ್ಕಿ ಒಂದು ಕೈ ತುಂಡಾಗಿದ್ದ ಅದನ್ನು ಕೈ ಮತ್ತೆ ಬೆಳೆಯುವವರೆಗೆ ಅಂತ ಇಟ್ಟುಕೊಂಡಿದ್ದರು. ಮಕ್ಕಳು ಅದಕ್ಕೆ ಮೊಂಡ ಎಂದು ಹೆಸರಿಟ್ಟರು. ವಾರಕ್ಕೊಮ್ಮೆ ಮೋಟುಗೈಯನ್ನು ದಾರದಿಂದ ಅಳೆದು, ಆ ದಾರವನ್ನು ಕತ್ತರಿಸಿ ಗೋಡೆಗೆ ಅಂಟಿಸುವುದು ಒಬ್ಬಳೇ ಹುಡುಗಿಯ ಕೆಲಸ. ಅವಳಮ್ಮ ಬಟ್ಟೆ ಹೊಲಿಯುವವಳಾದ್ದರಿಂದ ಇವಳು ಟೈಲರಮ್ಮ. ಮಾತು ಕಡಿಮೆ, ಅಳತೆ ಮಾತ್ರ ಕಟ್ಟುನಿಟ್ಟು.

ಒಂದು ಶುಕ್ರವಾರ ಟೀಚರ್ ತಮ್ಮ ಫೋನ್ ಚಾರ್ಜಿಗೆ ಹಾಕಲು ತೊಟ್ಟಿಯ ಗಾಳಿ ಪಂಪಿನ ಪ್ಲಗ್ ಕಿತ್ತರು. ಹೋಗುವಾಗ ಫೋನ್ ತೆಗೆದುಕೊಂಡರು, ಪ್ಲಗ್ ಮರೆತರು. ಸೋಮವಾರ ಎಲ್ಲರಿಗಿಂತ ಮೊದಲು ಬಂದು ನೋಡಿದರೆ ಮೊಂಡ ಸತ್ತಿತ್ತು.

ಮಕ್ಕಳ ಮುಖ ನೆನಪಾಗಿ ಬುದ್ಧಿ ಮಂಕಾಯಿತು. ಸತ್ತದ್ದನ್ನು ಊಟದ ಡಬ್ಬಿಯಲ್ಲಿ ಮುಚ್ಚಿಟ್ಟು, ಬಕೆಟ್ ಹಿಡಿದು ಬಂಡೆಗಳ ಕಡೆ ಓಡಿದರು. ಸಿಕ್ಕ ಸಿಕ್ಕ ಕಲ್ಲು ಮಗುಚಿ, ಅಂಥದ್ದೇ ಒಂದನ್ನು ಹಿಡಿದು ತಂದು ತೊಟ್ಟಿಗೆ ಬಿಟ್ಟರು. ಬಣ್ಣ ನೋಡಿದ್ದರು, ಗಾತ್ರ ನೋಡಿದ್ದರು. ಕೈ ನೋಡಿರಲಿಲ್ಲ. ಸರಿಯಾಗಿ ನೋಡ್ರೋ, ಸರಿಯಾಗಿ ನೋಡ್ರೋ ಎಂದು ವರ್ಷಗಟ್ಟಲೆ ಮಕ್ಕಳ ತಲೆ ತಿಂದ ಮಹಾತಾಯಿ ಇವರೇ.

ಟೈಲರಮ್ಮ ದಾರ ಹಿಡಿದು ತೊಟ್ಟಿಯ ಮುಂದೆ ನಿಂತವಳು ಅಲ್ಲಾಡಲಿಲ್ಲ. "ಟೀಚರ್, ಕೈ ಪೂರ್ತಿ ಬಂದುಬಿಟ್ಟಿದೆ. ವಾರಕ್ಕೆ ಅಕ್ಕಿಕಾಳಿನಷ್ಟೂ ಬೆಳೀತಿರ್ಲಿಲ್ಲ."

ಆಗಲೇ ಹೇಳಿಬಿಡಬಹುದಿತ್ತು. ಟೀಚರ್ ಅಂದದ್ದು ಇಷ್ಟು: "ಕೆಲವು ಸಲ ಹಾಗಾಗುತ್ತಮ್ಮ."

"ಹಾಗಾದ್ರೆ ಟೈಲರಮ್ಮನ ಅಳತೇನೇ ತಪ್ಪು," ಎಂದು ಹಿಂದಿನ ಬೆಂಚು ನಕ್ಕಿತು. ಹುಡುಗಿ ಗೋಡೆಯ ಮೇಲಿದ್ದ ದಾರಗಳನ್ನು ಒಂದೊಂದಾಗಿ ಕಿತ್ತು ಕಸದ ಬುಟ್ಟಿಗೆ ಹಾಕಿದಳು. "ನಾನೇ ಎಲ್ಲೋ ತಪ್ಪಿರ್ಬೇಕು ಟೀಚರ್. ಇನ್ಮೇಲೆ ಬೇರೆಯವರು ಅಳೀಲಿ."

ಆ ಮಾತು ಟೀಚರನ್ನು ಮನೆಯವರೆಗೂ ಬೆನ್ನಟ್ಟಿತು. ಒಂದು ಜೀವ ಹೋಗಿದ್ದು ತಮ್ಮ ಮರೆವಿನಿಂದ. ಈ ಹುಡುಗಿ ತನ್ನ ಕಣ್ಣನ್ನೇ ನಂಬದಂತಾದದ್ದು ತಮ್ಮ ಸುಳ್ಳಿನಿಂದ, ಅದೂ ನಾಲ್ಕು ಜನರೆದುರು. ಫ್ರಿಜ್ಜಿನಲ್ಲಿಟ್ಟಿದ್ದ ಆ ಊಟದ ಡಬ್ಬಿ ತೆರೆದ ಗಂಡ ಬೆಚ್ಚಿಬಿದ್ದು, "ಇದನ್ಯಾಕೆ ಇಟ್ಕೊಂಡಿದೀಯ? ಎಸೆದ್ರೆ ಮುಗೀತಲ್ಲ," ಅಂದ.

"ಮುಗಿಯಲ್ಲ ರೀ."

ಮರುದಿನ ಟೀಚರ್ ಡಬ್ಬಿಯನ್ನು ಮೇಜಿನ ಮೇಲಿಟ್ಟು ತೆರೆದರು. ಪ್ಲಗ್ಗಿನಿಂದ ಹಿಡಿದು ಬಕೆಟ್ಟಿನವರೆಗೆ ಎಲ್ಲವನ್ನೂ ತರಗತಿಗೆ ಹೇಳಿದರು. ಕಸದ ಬುಟ್ಟಿಯಿಂದ ಹಿಂದಿನ ಸಂಜೆಯೇ ಆರಿಸಿಟ್ಟಿದ್ದ ದಾರಗಳಲ್ಲಿ ಕೊನೆಯದನ್ನು ಹುಡುಗಿಯ ಕೈಗೆ ಕೊಟ್ಟರು. ಅವಳು ಅದನ್ನು ಸತ್ತ ಮೊಂಡನ ಮೋಟುಗೈಯ ಮೇಲೆ ಇಟ್ಟು ನೋಡಿದಳು. ಸರಿಹೋಯಿತು.

"ನಿನ್ನ ಅಳತೆ ಒಂದು ದಿನಾನೂ ತಪ್ಪಿರ್ಲಿಲ್ಲ," ಎಂದರು ಟೀಚರ್. ಅವಳು ತಲೆಯಾಡಿಸಿದಳು, ನಗಲಿಲ್ಲ.

ನೀರಿಳಿದ ಮೇಲೆ ಹೊಸ ನಕ್ಷತ್ರಮೀನನ್ನು ಬಕೆಟ್ಟಿನಲ್ಲಿಟ್ಟುಕೊಂಡು ಎಲ್ಲರೂ ಬಂಡೆಗಳಿಗೆ ಹೋದರು. ಕ್ಷಮೆ ಸಿಕ್ಕೀತೆಂಬ ಆಸೆ ಟೀಚರಿಗೆ ಆಗ ತುಸು ಚಿಗುರಿತ್ತು. ಹುಡುಗಿ ಕೈ ಒದ್ದೆ ಮಾಡಿಕೊಂಡು ನಕ್ಷತ್ರಮೀನನ್ನು ಮೆಲ್ಲಗೆ ಎತ್ತಿಕೊಂಡು, ಟೀಚರ ಮುಖ ನೋಡಿದಳು.

"ಯಾವ ಕಲ್ಲಿನ ಕೆಳಗಿತ್ತು ಟೀಚರ್?"

ಮುಂದೆ ಕಣ್ಣು ಹಾಯುವಷ್ಟು ದೂರ ಕಲ್ಲುಗಳು. ಅವುಗಳಲ್ಲಿ ಹಲವು ನಿನ್ನೆ ಮಗುಚಿದಂತೆಯೇ, ಹಸಿರು ಪಾಚಿ ಕೆಳಗಾಗಿ, ಬೆನ್ನ ಮೇಲೆ ಬಿದ್ದಿದ್ದವು. ಟೀಚರಿಗೆ ನೆನಪಾಗಲಿಲ್ಲ.