ಎನೆಲಿಕೊನ ಮೂರು ಮಾಸ್ಕುಗಳ ಸದ್ದು

ಸವಾಯಿ ದ್ವೀಪದ ಆ ಕಡಲಂಚಿನ ಊರಿನಲ್ಲಿ ಸಂಜೆ ಪ್ರಾರ್ಥನೆಗೆ ಶಂಖ ಊದುವವನು ಎನೆಲಿಕೊ. ಅವನು ಊದಿದನೆಂದರೆ ರಸ್ತೆಯಲ್ಲಿ ಹೋಗುತ್ತಿದ್ದವರು ಇದ್ದಲ್ಲೇ ಕೂತುಬಿಡುತ್ತಾರೆ, ಚೆಂಡಾಡುತ್ತಿದ್ದವರು ಮನೆ ಸೇರುತ್ತಾರೆ, ಹಂದಿಗಳು ಕೂಡ ಒಂದು ಗಳಿಗೆ ಕಿವಿ ನಿಮಿರಿಸುತ್ತವೆ. ಹರೆಯದಲ್ಲಿ ಅವನು ಹವಳದ ದಿಬ್ಬದಾಚೆ ಮುಳುಗಿ ದೊಡ್ಡ ದೊಡ್ಡ ಚಿಪ್ಪು ಹೆಕ್ಕಿ ತರುತ್ತಿದ್ದ. ದೋಣಿಯಲ್ಲಿ ಕಾಯುತ್ತಿದ್ದವರು ಇನ್ನೇನು ಅಳಬೇಕು, ಅಷ್ಟರಲ್ಲಿ ನಗುತ್ತಾ ಮೇಲೆ ಬರುತ್ತಿದ್ದನಂತೆ. ಉಸಿರಿನ ಮಟ್ಟಿಗೆ ಅವನಂಥ ಸಿರಿವಂತ ಸುತ್ತಮುತ್ತ ಇರಲಿಲ್ಲ.

ಅಂಥವನ ಉಸಿರು ನಿದ್ದೆಯಲ್ಲಿ ನಿಂತು ನಿಂತು ಹೋಗುತ್ತಿತ್ತು.

ಮಗಳು ತಾಲಿತಾಗೆ ಇದು ಚಿಕ್ಕಂದಿನಿಂದಲೇ ಗೊತ್ತು. ಗೋಡೆಯಿಲ್ಲದ ಮನೆ. ಕಂಬಗಳ ನಡುವೆ ಚಾಪೆ ಹಾಸಿ ಎಲ್ಲರೂ ಸಾಲಾಗಿ ಮಲಗುವುದು. ಅಪ್ಪನ ಗೊರಕೆ ಅಲೆಯಂತೆ ಏರುತ್ತಾ ಇಳಿಯುತ್ತಾ ಇದ್ದದ್ದು ತಟ್ಟನೆ ನಿಲ್ಲುತ್ತಿತ್ತು. ಆಗ ಪುಟ್ಟ ತಾಲಿತಾ ತಾನೂ ಉಸಿರು ಹಿಡಿದುಕೊಂಡು ಕಾಯುತ್ತಿದ್ದಳು.

"ಮುಳುಗಿದಾರೆ ಕಣೇ. ಬರ್ತಾರೆ. ನೀನು ಮಲ್ಕೊ," ಎನ್ನುತ್ತಿದ್ದಳು ಅಮ್ಮ ಮಲಿಯಾ, ಕಣ್ಣು ತೆರೆಯದೆಯೇ.

ಅಪ್ಪ ಬರುತ್ತಿದ್ದ, ದೊಡ್ಡದೊಂದು ಸದ್ದಿನೊಂದಿಗೆ, ನೀರು ಸೀಳಿ ಮೇಲೆ ಬಂದವನ ಹಾಗೆ. ಆಮೇಲೆಯೇ ತಾಲಿತಾಗೆ ನಿದ್ದೆ. ಆ ಅಭ್ಯಾಸ ಮದುವೆಯಾದರೂ ಹೋಗಲಿಲ್ಲ. ಈಗ ಅವಳ ಮಗಳು ಮೆರೆಗೆ ಐದು ತಿಂಗಳು. ಗಂಡ ಮೀನಿನ ಹಡಗಿನಲ್ಲಿ ದೂರ ಹೋಗಿರುವುದರಿಂದ ಅವಳು ತವರಲ್ಲೇ ಇದ್ದಾಳೆ. ಒಂದು ಕಿವಿ ಮಗುವಿನ ಉಸಿರಿಗೆ, ಇನ್ನೊಂದು ಈಗ ಪಕ್ಕದಲ್ಲಿ ಕೇಳಿಸದ ಅಪ್ಪನ ಉಸಿರಿಗೆ ಕೊಟ್ಟು ಮಲಗುವವಳಿಗೆ ತನ್ನ ಪಾಲಿನ ನಿದ್ದೆ ಎಲ್ಲಿಂದ ಬರಬೇಕು?

ಮಗು ಹುಟ್ಟಿದ ವಾರದಲ್ಲೇ ಎನೆಲಿಕೊ ಚಾಪೆ ಸುತ್ತಿಕೊಂಡು ದೋಣಿ ಇಡುವ ಗುಡಿಸಲಿಗೆ ಹೊರಟುಹೋದ. ತನ್ನ ಗೊರಕೆಗೆ ಕೂಸು ಬೆಚ್ಚುತ್ತದೆ ಎಂದು. ಅಲ್ಲಿ ಅವನು ಮುಳುಗಿದರೆ ಕಾಯುವವರು ಯಾರೂ ಇಲ್ಲ. ತಾಲಿತಾಳ ಎದೆಯಲ್ಲಿ ಕೂತದ್ದು ಇದೊಂದೇ. ಅವನನ್ನು ಹೇಗಾದರೂ ಮತ್ತೆ ಸಾಲಿಗೆ ತಂದು ಮಲಗಿಸಬೇಕು.

ಅವಳೇ ಹಟ ಹಿಡಿದು ಆಸ್ಪತ್ರೆಗೆ ಕರೆದೊಯ್ದಳು. ಪರೀಕ್ಷೆಯೆಲ್ಲ ಮುಗಿದ ಮೇಲೆ ನರ್ಸ್ ಪೆನೀನಾ, ನಿದ್ದೆಯಲ್ಲಿ ಉಸಿರು ನಿಲ್ಲದಂತೆ ಗಾಳಿ ಊದುವ ಒಂದು ಪುಟ್ಟ ಯಂತ್ರವನ್ನೂ ಅದಕ್ಕೆ ಹೊಂದುವ ಮೂರು ಬಗೆಯ ಮಾಸ್ಕುಗಳನ್ನೂ ಕೊಟ್ಟಳು. ಅವನನ್ನು ಕುರ್ಚಿಯ ಮೇಲೆ ಕೂರಿಸಿ, ಒಂದೊಂದನ್ನೂ ಕಟ್ಟಿ ತೋರಿಸಿದಳು.

"ಯಾವುದು ಒಗ್ಗುತ್ತೋ ನೋಡಿ ಯಜಮಾನ್ರೇ. ಮುಂದಿನ ಸೋಮವಾರ ನಿಮ್ಮ ಊರಿಗೆ ಬರ್ತೀನಿ. ಹಾಕ್ಕೊಳ್ಳಲ್ಲ ಅಂದ್ರೆ ವಾಪಸ್ ತಗೊಂಡು ಹೋಗ್ತೀನಿ, ಕಾಯ್ತಾ ಇರೋರು ಬೇಕಾದಷ್ಟು ಜನ ಇದಾರೆ."

ಎನೆಲಿಕೊ ಮಗಳ ಕಡೆ ತಿರುಗಿದ. "ಸದ್ದು ಮಾಡದ್ದು ಒಂದು ಸಿಕ್ಕಿದ್ರೆ ಒಳಗೆ ಬಂದು ಮಲಗ್ತೀನಿ. ಗೊರಕೆ ಬಿಟ್ಟು ಬೇರೆ ಗಲಾಟೆ ತರೋದಾದ್ರೆ ನಂಗೆ ದೋಣಿ ಗುಡಿಸಲೇ ಸಾಕು."

ಹಾಗಾಗಿ ಆ ವಾರ ಮಧ್ಯಾಹ್ನದ ಹೊತ್ತು ಮನೆಯಲ್ಲಿ ಮಾಸ್ಕುಗಳ ಸದ್ದಿನದೇ ಪರೀಕ್ಷೆ. ಮಲಿಯಾಳ ತಂಗಿ ಲೂಪೆ ಪಕ್ಕದ ಮನೆಯಿಂದ ಬೀಸಣಿಗೆ ಹಿಡಿದು ಬಂದು ತೀರ್ಪುಗಾರಳಂತೆ ಕೂರುತ್ತಿದ್ದಳು. ಚರ್ಚಿನ ಹಾಡಿನ ಮೇಳವನ್ನು ನಡೆಸುವವಳು ಅವಳು, ಕಿವಿ ಸೂಕ್ಷ್ಮ, ನಾಲಿಗೆ ಅದಕ್ಕಿಂತ.

ಮೊದಲನೆಯದು ಮೂಗು ಬಾಯಿ ಎರಡನ್ನೂ ಮುಚ್ಚುವಂಥದ್ದು. ಎನೆಲಿಕೊ ಅದನ್ನು ಕಟ್ಟಿಕೊಂಡು, ಎಂದಿನಂತೆ ತನ್ನ ಬಿದಿರಿನ ತಲೆದಿಂಬಿನ ಮೇಲೆ ತಲೆಯಿಟ್ಟ. ಒಂದೇ ಬಿದಿರಿನ ತುಂಡು, ಎರಡು ತುದಿಗೂ ಗಿಡ್ಡ ಕಾಲು. ಅವನ ಅಪ್ಪ ಕಡಿದು ಮಾಡಿದ್ದು, ಇಬ್ಬರ ಕತ್ತಿನಡಿಯೂ ಸವೆದು ನುಣುಪಾಗಿದ್ದದ್ದು. ಯಂತ್ರ ಶುರುವಾದದ್ದೇ ತಡ, ಕೆನ್ನೆಯ ಪಕ್ಕದಿಂದ ಬುಸ್ಸೆಂದು ಗಾಳಿ ಸೋರಿತು.

"ಭಾವ, ನಿಮ್ಮ ಗೊರಕೆಗೆ ಒಂದು ಗಾಂಭೀರ್ಯ ಇತ್ತು," ಎಂದಳು ಲೂಪೆ. "ಇದು ಬಸ್ಸಿನ ಟೈರು ಪಂಚರ್ ಆದ ಹಾಗಿದೆ."

ಎರಡನೆಯದು ಮೂಗಿಗೆ ಮಾತ್ರ. ಅದು ಸಿಳ್ಳೆ ಹಾಕಿತು. ಸಣ್ಣಗೆ, ಉದ್ದಕ್ಕೆ, ಉಸಿರು ಬಿಟ್ಟಾಗಲೆಲ್ಲ ಇನ್ನಷ್ಟು ಮೇಲಕ್ಕೆ ಹೋಗುತ್ತಾ. ಮೆರೆ ಬೆಚ್ಚಿಬಿದ್ದು ಅತ್ತಳು.

"ನಮ್ಮ ಪಾದ್ರಿಯ ಹೆಂಡ್ತಿನೂ ಹಿಂಗೇ," ಎಂದಳು ಲೂಪೆ. "ಮೇಲಿನ ಸ್ವರ ಸಿಗಲ್ಲ ಅಂತ ಗೊತ್ತಿದ್ರೂ ಬಿಡಲ್ಲ."

ಮೂರನೆಯದು ಮೂಗಿನ ಹೊಳ್ಳೆಗಳಿಗೆ ಸಿಕ್ಕಿಸುವ ಎರಡು ಮೆತ್ತನೆ ಮೊಗ್ಗು, ಅಷ್ಟೆ. ಸ್ವಲ್ಪ ಹೊತ್ತು ದೀವಿಹಲಸಿನ ಎಲೆಯಲ್ಲಿ ಗಾಳಿಯಾಡಿದಂತೆ ಇತ್ತು. ಎನೆಲಿಕೊ ಮಗ್ಗುಲಾದದ್ದೇ ಅದೂ ಪರಪರ ಅನ್ನತೊಡಗಿತು, ಸಾಲದ್ದಕ್ಕೆ ಅದರ ಗಾಳಿಯೆಲ್ಲ ಮಲಿಯಾಳ ಕತ್ತಿಗೆ.

"ಫ್ಯಾನ್ ಬೇಕು ಅಂತ ನಿಮ್ಮನ್ನ ಯಾರು ಕೇಳಿದ್ರು?" ಎಂದು ಅವಳು ಚಾದರ ಎಳೆದುಕೊಂಡಳು.

ಎನೆಲಿಕೊ ನಕ್ಕ. ಮೆಲ್ಲನೆ ಕೊಳವೆ ಸುತ್ತಿಟ್ಟ. ಶನಿವಾರ, ಒಲೆಗೆ ತೆಂಗಿನ ಚಿಪ್ಪು ಒಡ್ಡುತ್ತಾ ಮಗಳಿಗೆ ಹೇಳಿದ, "ಸೋಮವಾರ ಆ ಹುಡುಗಿಗೆ ಕೊಟ್ಟುಬಿಡು. ಬೇರೆ ಯಾರಿಗಾದ್ರೂ ಆಗ್ಲಿ."

"ನಿಂಗೆ ಬೇಡ್ವಾ ಅಪ್ಪ?"

"ಕೂಸು ಅತ್ತಿದ್ದು ಕೇಳಿಸ್ಲಿಲ್ವಾ ನಿಂಗೆ?"

ಭಾನುವಾರ ಚರ್ಚಿನಿಂದ ಬಂದು ಎಲ್ಲರೂ ಕಲ್ಲಿನೊಲೆಯ ಅಡುಗೆ ಉಂಡರು. ತೆಂಗಿನ ಹಾಲು ತುಂಬಿ ಕಟ್ಟಿದ ಕೆಸುವಿನೆಲೆ, ಸುಟ್ಟ ದೀವಿಹಲಸು, ಹಂದಿ ಮಾಂಸ. ಅಂಥ ಊಟವಾದ ಮೇಲೆ ಊರಿಗೆ ಊರೇ ಮಲಗುತ್ತದೆ. ನಾಯಿಗಳು ಸಹ ನೆರಳಿನಲ್ಲಿ ಕರಗಿಹೋದಂತೆ ಬಿದ್ದಿರುತ್ತವೆ. ಬಿಸಿಲು ಕಂಬದಿಂದ ಕಂಬಕ್ಕೆ ನಿಧಾನವಾಗಿ ಸರಿಯುತ್ತದೆ.

"ಹೇಗೂ ನಾಳೆ ಕೊಡೋದೇ ಅಲ್ವಾ, ಇವತ್ತೊಂದು ಸಲ ಹಾಕ್ಕೊ. ನಂಗೋಸ್ಕರ," ಎಂದಳು ತಾಲಿತಾ.

ಕೈಗೆ ಸಿಕ್ಕಿದ್ದು ಆ ಸಿಳ್ಳೆಯ ಮಾಸ್ಕೇ. ಎನೆಲಿಕೊ ಅದನ್ನು ಕಟ್ಟಿಕೊಂಡು ದಿಂಬಿಗೆ ಕೈಚಾಚಿದ. ದಿಂಬು ಮೆರೆಯ ಪಕ್ಕದಲ್ಲಿತ್ತು. ಬಿದಿರಿನ ಕಾಲೊಂದನ್ನು ಮುಷ್ಟಿಯಲ್ಲಿ ಹಿಡಿದು ಅವಳು ಗಾಢ ನಿದ್ದೆಯಲ್ಲಿದ್ದಳು. ಅದನ್ನು ಬಿಡಿಸಿಕೊಳ್ಳಲು ಅಜ್ಜನಿಗೆ ಮನಸ್ಸಾಗಲಿಲ್ಲ. ಚರ್ಚಿಗೆ ಉಟ್ಟಿದ್ದ ಪಂಚೆಯನ್ನು ಮಡಿಸಿ ತಲೆಯಡಿಗೆ ಇಟ್ಟುಕೊಂಡು ಹಾಗೇ ಒರಗಿದ.

ತಾಲಿತಾ ಸಿಳ್ಳೆಗಾಗಿ ಕಾದಳು. ಸಿಳ್ಳೆ ಬರಲಿಲ್ಲ. ಮರಳಿನ ಮೇಲಿಂದ ನೀರು ಹಿಂದೆ ಸರಿಯುವಂಥ ಒಂದು ಸದ್ದು, ಬಂದು ಹೋಗಿ, ಬಂದು ಹೋಗಿ. ಅಪ್ಪ ಮಗ್ಗುಲಾದ. ಆಗಲೂ ಇಲ್ಲ. ಅವಳು ಮಂಡಿಯೂರಿ ಬಗ್ಗಿ ನೋಡಿದಳು. ಮಾಸ್ಕಿನ ಪಟ್ಟಿ ಕತ್ತಿನ ಹಿಂದೆ, ಬಿದಿರು ಒತ್ತುತ್ತಿದ್ದ ಜಾಗದಲ್ಲೇ, ಸಡಿಲವಾಗಿ, ನೆಟ್ಟಗೆ ಕೂತಿತ್ತು.

ಅವನು ಎದ್ದ ಮೇಲೆ, "ಮಾಸ್ಕ್ ತೆಗೀಬೇಡ, ಹಾಗೇ ಇರು," ಎಂದು ಮಗುವಿನ ಕೈಯಿಂದ ದಿಂಬು ಬಿಡಿಸಿ ತಂದು ಅವನ ಕತ್ತಿನಡಿಗೆ ಇಟ್ಟಳು. ಪಟ್ಟಿ ಮೇಲಕ್ಕೆ ಜರುಗಿತು, ಮಾಸ್ಕು ಓರೆಯಾಯಿತು, ಸಿಳ್ಳೆ ಹೊಡೆಯಿತು. ತೆಗೆದಳು, ನಿಂತಿತು. ಲೂಪೆ ಬೀಸಣಿಗೆ ಬಾಯಿಗೆ ಅಡ್ಡ ಹಿಡಿದು ನಕ್ಕಳು.

"ಪಾಪ, ಪಾದ್ರಿಯ ಹೆಂಡ್ತಿಗೆ ಸುಮ್ನೆ ಅಂದೆ. ಹಾಡ್ತಾ ಇದ್ದದ್ದು ಬಿದಿರು. ಆ ನರ್ಸಮ್ಮ ಕೂರಿಸಿ ನೋಡಿದ್ಲು, ಮಲಗಿಸಿ ನೋಡ್ಲಿಲ್ಲ. ನಾವೂ ಮೂರಕ್ಕೂ ಬೈದ್ವಿ, ದಿಂಬಿನ ಮಾತೇ ಎತ್ತಲಿಲ್ಲ."

ಹೇಗೆ ಎತ್ತುತ್ತಾರೆ? ಕತ್ತಿನಡಿಯ ಬಿದಿರು ಅವರ ಪಾಲಿಗೆ ಕತ್ತಿನಷ್ಟೇ ಸಹಜ.

ಎನೆಲಿಕೊಗೆ ಅವನ ಅಪ್ಪ ಕೊಟ್ಟ ದಿಂಬನ್ನು ಬಿಡು ಎಂದು ಹೇಳುವ ಬಾಯಿ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ, ತಾಲಿತಾಗೂ. ಎನೆಲಿಕೊ ಅದನ್ನು ತೊಡೆಯ ಮೇಲಿಟ್ಟುಕೊಂಡು, ಸವೆದ ಜಾಗದಲ್ಲಿ ಹೆಬ್ಬೆರಳಾಡಿಸಿದ.

"ಅಪ್ಪ ಇದನ್ನ ಕೊಟ್ಟಿದ್ದು ನಾನು ಚೆನ್ನಾಗಿ ನಿದ್ದೆ ಮಾಡ್ಲಿ ಅಂತ," ಎಂದ ಕೊನೆಗೆ. "ತಲೆ ಕೆಳಗೇ ಇರ್ಬೇಕು ಅಂತ ಏನು?"

ಎದ್ದುಹೋಗಿ ದೋಣಿ ಗುಡಿಸಲಿನಿಂದ ಚಾಪೆ ತಂದು, ಮೊದಲಿನ ಸಾಲಿನಲ್ಲಿ, ಮಲಿಯಾಳ ಪಕ್ಕಕ್ಕೆ ಹಾಸಿದ. ತಲೆಯ ಕಡೆ ಬಿದಿರಿನ ದಿಂಬನ್ನಿಟ್ಟು, ಪಕ್ಕದಲ್ಲಿ ಅಷ್ಟೇ ಎತ್ತರದ ಖಾಲಿ ಕೊಕೊ ಪೆಟ್ಟಿಗೆಯೊಂದನ್ನಿಟ್ಟು, ಎರಡರ ಮೇಲೂ ಮಡಿಸಿದ ಇನ್ನೊಂದು ಚಾಪೆ ಹಾಸಿ ಯಂತ್ರವನ್ನು ಕೂರಿಸಿದ. ಅದು ಅಲುಗದೆ ಕೂತಿತು.

ಸೋಮವಾರ ಪೆನೀನಾ ಬಂದಳು, ನೋಡಿದಳು, ಸಿಳ್ಳೆಯ ಮಾಸ್ಕೊಂದನ್ನು ಬಿಟ್ಟು ಉಳಿದ ಎರಡನ್ನು ತೆಗೆದುಕೊಂಡು ಹೋದಳು. ಇನ್ನು ಮುಂದೆ ದಿಂಬಿನ ಬಗ್ಗೆಯೂ ಕೇಳಬೇಕು ಎಂದು ತನಗೆ ತಾನೇ ಹೇಳಿಕೊಂಡಳು.

ಅವಳು ಹೋದ ಮೇಲೆ ಎನೆಲಿಕೊ ಮಾಸ್ಕು ಕಟ್ಟಿಕೊಂಡು ಅಡ್ಡಾದ. ತಾಲಿತಾ ಮಗುವಿಗೆ ಹಾಲೂಡಿಸುತ್ತಾ ಕಂಬಕ್ಕೆ ಒರಗಿದಳು. ಅಪ್ಪನ ಉಸಿರು ಬಂತು, ಹೋಯಿತು. ಮಗುವಿನದು ಬಂತು, ಹೋಯಿತು. ಇನ್ನೇನು ಮುಳುಗುತ್ತಾನೆ ಎಂದು ಅವಳು ಎಂದಿನಂತೆ ತನ್ನ ಉಸಿರು ಹಿಡಿದಳು. ಅವನು ಮುಳುಗಲಿಲ್ಲ. ನೀರಿನ ಮೇಲೇ ತೇಲುತ್ತಿದ್ದ, ದೋಣಿ ತೇಲುವ ಹಾಗೆ, ಹಾಯಾಗಿ. ಹಿಡಿದ ಉಸಿರನ್ನು ಅವಳು ಯಾವಾಗ ಬಿಟ್ಟಳೋ ಅವಳಿಗೇ ತಿಳಿಯಲಿಲ್ಲ.

ಬಿಸಿಲು ಕೊನೆಯ ಕಂಬ ದಾಟಿತು. ಎನೆಲಿಕೊ ಎದ್ದು ಮುಖ ತೊಳೆದು ದಂಡೆಗೆ ಹೋಗಿ ಶಂಖ ಊದಿದ. ರಸ್ತೆಯವರು ಕೂತರು, ಹಂದಿಗಳು ಕಿವಿ ನಿಮಿರಿಸಿದವು. ಅವನ ಮಗಳು ಮಾತ್ರ, ಮಗುವನ್ನು ಎದೆಗವಚಿಕೊಂಡು, ಕಂಬದ ಬುಡದಲ್ಲಿ ಬಾಯಿ ತೆರೆದು ಮಲಗಿದ್ದಳು. ಪ್ರಾರ್ಥನೆಗೆ ಎಬ್ಬಿಸಲೆಂದು ಮಲಿಯಾ ಅವಳ ಭುಜಕ್ಕೆ ಕೈಹಾಕಿದಳು.

ಲೂಪೆ ಆ ಕೈಯನ್ನು ಹಿಡಿದುಕೊಂಡಳು. "ಬಿಡಕ್ಕ. ಮುಳುಗಿದಾಳೆ. ಬರ್ತಾಳೆ."