ಕೆಂಚಿ ಕೋಳಿಯ ಮೊಟ್ಟೆಗೆ ನಿಂಬೆರಸದ ಪರೀಕ್ಷೆ

ಮರಾಠಿ ನಾಡಿನ ಖಡಕಿಯಲ್ಲಿ ರೈಲು ಹಳಿಗೆ ಬೆನ್ನು ಹಾಕಿ ನಿಂತ ಹಂಚಿನ ಮನೆಗಳ ಸಾಲೊಂದಿದೆ. ಅದರಲ್ಲಿ ಕೊನೆಯದು ಮುನಿಯಮ್ಮನ ಮನೆ. ಕೊನೆಯದಾದ್ದರಿಂದ ಹಿತ್ತಲಿಗೆ ನಾಲ್ಕು ಮಾರು ಜಾಗ ಹೆಚ್ಚಿಗೆ ಸಿಕ್ಕಿತ್ತು. ಮುಳಬಾಗಿಲು ಕಡೆಯಿಂದ ಅವಳು ಇಲ್ಲಿಗೆ ಬಂದು ಮೂವತ್ತೆರಡು ವರ್ಷವಾಯಿತು. ಗಂಡ ತಮ್ಮಯ್ಯ ಮದ್ದುಗುಂಡಿನ ಕಾರ್ಖಾನೆಯಲ್ಲಿ ಪೆಟ್ಟಿಗೆಗಳಿಗೆ ಬಣ್ಣ ಬಳಿಯುವ ಕೆಲಸ ಮಾಡಿ ನಿವೃತ್ತನಾದವನು. ಮುನಿಯಮ್ಮ ಬೀದಿಯವರ ಜೊತೆ ಮರಾಠಿಯಲ್ಲಿ ಸರಾಗವಾಗಿ ಜಗಳವಾಡಬಲ್ಲಳು. ಕೋಳಿಗಳನ್ನು ಬಯ್ಯುವುದು ಮಾತ್ರ ಇವತ್ತಿಗೂ ಕೋಲಾರದ ಕನ್ನಡದಲ್ಲೇ.

ಅವಳ ಬಳಿ ಹನ್ನೊಂದು ಹೇಂಟೆಗಳೂ ಒಂದು ಹುಂಜವೂ ಇದ್ದವು. ಒಂದೊಂದು ಒಂದೊಂದು ಜಾತಿ, ಒಂದೊಂದರ ಮೊಟ್ಟೆಗೂ ಒಂದೊಂದು ಬಣ್ಣ. ಬುಟ್ಟಿಯಲ್ಲಿ ಬೆರೆತುಹೋದ ಮೊಟ್ಟೆಯನ್ನು ಎತ್ತಿ ನೋಡಿ ಇದು ಇಂಥದ್ದೇ ಇಟ್ಟದ್ದು ಎಂದು ಹೇಳಬಲ್ಲವಳಾಗಿದ್ದಳು. ಕೆಂಚಿಯದು ಗಾಢ ಕಂದು, ದಪ್ಪ ತುದಿಯಲ್ಲಿ ಸಾಸಿವೆಯಂಥ ಚುಕ್ಕೆಗಳು. ಮೂಳೆಯವರೆಗೂ ಕಪ್ಪಾದ ಕಡಕ್‌ನಾಥ್ ಕೋಳಿ ಕರಗಿಯದು ಕೆನೆಬಣ್ಣ. ಕಪ್ಪು ಮೊಟ್ಟೆ ನೋಡಬೇಕೆಂದು ಬಂದವರೆಲ್ಲ ಸಪ್ಪೆ ಮುಖ ಮಾಡಿಕೊಂಡು ಹೋಗುತ್ತಿದ್ದರು. ಬೆಳ್ಳಿ ಎಂಬ ಬಿಳಿ ಕೋಳಿಯದು ಸುಣ್ಣದಂಥ ಬಿಳಿ. ನಾಟಿ ಕೋಳಿಗಳ ಜೊತೆಗೇ ಮೇಯ್ದರೆ ಇದರ ಮೊಟ್ಟೆಯೂ ಕೆಂಪಾದೀತೆಂದು ಮುನಿಯಮ್ಮ ಒಂದು ವರ್ಷ ರಾಗಿ, ಸೊಪ್ಪು ಎಲ್ಲ ಹಾಕಿ ನೋಡಿದ್ದಳು. ಒಳಗಿನ ಹಳದಿ ಭಂಡಾರ ಇನ್ನಷ್ಟು ಗಾಢವಾಯಿತೇ ಹೊರತು ಓಡು ಬಿಳಿಯಾಗಿಯೇ ಉಳಿಯಿತು. ಅದು ಹುಟ್ಟಿನಿಂದ ಬಂದದ್ದು, ಮೇವಿನಿಂದಲ್ಲ ಎಂದು ಅವಳಿಗೆ ಆಗ ಖಾತ್ರಿಯಾಯಿತು.

ಮೊಟ್ಟೆಗಳಲ್ಲಿ ಹೆಚ್ಚಿನವು ಹಿಂಜವಾಡಿಗೆ ಹೋಗುತ್ತಿದ್ದವು. ಕೊಂಡೊಯ್ಯುತ್ತಿದ್ದವಳು ಅಭಿಲಾಷ. ಮಂಡ್ಯದ ಈ ಹುಡುಗಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ಮುನಿಯಮ್ಮನ ಬೀದಿಯಲ್ಲೇ ಬಾಡಿಗೆಗಿದ್ದಳು. ಆಮೇಲೆ ಹಿಂಜವಾಡಿಯ ತನ್ನ ಆಫೀಸಿನ ಹತ್ತಿರದ ಅಪಾರ್ಟ್‌ಮೆಂಟಿಗೆ ಹೋದರೂ ಶನಿವಾರ ತಪ್ಪದೆ ಸ್ಕೂಟರಿನಲ್ಲಿ ಬಂದು ತನಗೂ ಅಕ್ಕಪಕ್ಕದವರಿಗೂ ಮೊಟ್ಟೆ ಒಯ್ಯುತ್ತಿದ್ದಳು. ಗಾವರಾನ್ ಎಂದರೆ, ಅಂದರೆ ನಾಟಿ ಮೊಟ್ಟೆ ಎಂದರೆ, ಅಲ್ಲಿನವರಿಗೆ ಕಂದು ಬಣ್ಣದ್ದೇ ಆಗಬೇಕು. ಬೆಳ್ಳಿಯ ಮೊಟ್ಟೆಗಳನ್ನು ಯಾರೂ ಮುಟ್ಟುತ್ತಿರಲಿಲ್ಲ. ಅವು ತಮ್ಮಯ್ಯನ ಪಾಲು.

ಕಳೆದ ಆಗಸ್ಟಿನ ಒಂದು ಶನಿವಾರ ಅಭಿಲಾಷ ಬಂದವಳು ಹೆಲ್ಮೆಟ್ಟನ್ನೂ ತೆಗೆಯದೆ ಬಾಗಿಲಲ್ಲೇ ನಿಂತಳು. ಅವರ ಅಪಾರ್ಟ್‌ಮೆಂಟಿನ ಪೂರ್ವಾ ಎಂಬುವವರು ವಾಟ್ಸ್ಆ್ಯಪ್ ಗುಂಪಿಗೆ ಒಂದು ವಿಡಿಯೊ ಹಾಕಿದ್ದರು. ಮೊಟ್ಟೆಯ ಮೇಲೆ ನಿಂಬೆರಸ ಸವರಿ, ಸ್ವಲ್ಪ ಹೊತ್ತು ಬಿಟ್ಟು ಹತ್ತಿಯಿಂದ ಉಜ್ಜುತ್ತಾರೆ, ಹತ್ತಿ ಕಂದಾಗುತ್ತದೆ. ಫಾರಂ ಮೊಟ್ಟೆಗೆ ಟೀ ಡಿಕಾಕ್ಷನ್ನಿನ ಬಣ್ಣ ಹಚ್ಚಿ ಗಾವರಾನ್ ಎಂದು ಮಾರುತ್ತಿದ್ದಾರೆ ಎಂದು ಕೆಳಗೆ ಬರೆದಿದ್ದರು.

"ಆಂಟಿ, ನಾನಂತೂ ನಂಬಲ್ಲ. ಆದ್ರೆ ಗ್ರೂಪಲ್ಲಿ ಎಲ್ರೂ ನನ್ನನ್ನೇ ಕೇಳ್ತಿದಾರೆ. ಏನಂತ ರಿಪ್ಲೈ ಮಾಡ್ಲಿ?" ಎಂದಳು ಅಭಿಲಾಷ.

ಮುನಿಯಮ್ಮ ವಿಡಿಯೊವನ್ನು ಮೂರು ಸಲ ನೋಡಿದಳು. ಚುಕ್ಕೆಗಳಿಂದಲೇ ಗುರುತು ಸಿಕ್ಕಿತು, ಅದು ಕೆಂಚಿಯ ಮೊಟ್ಟೆ. ಕಳ್ಳಿ ಅನ್ನಿಸಿಕೊಂಡ ನೋವಿಗಿಂತ ಬೇರೊಂದು ಪ್ರಶ್ನೆ ಅವಳನ್ನು ಹೆಚ್ಚು ಕಾಡಿತು. ತಾನೇ ಕೈಯಾರೆ ಎತ್ತಿಟ್ಟ ಮೊಟ್ಟೆ. ಹಾಗಿದ್ದರೆ ಬಣ್ಣ ಬಿಟ್ಟದ್ದು ಹೇಗೆ?

ಒಂದು ಮೊಟ್ಟೆ ತೆಗೆದು ಈಗಲೇ ಉಜ್ಜಿ ನೋಡೋಣ ಎಂದ ತಮ್ಮಯ್ಯ. ಮುನಿಯಮ್ಮ ಬೇಡವೆಂದಳು. "ಮೊದ್ಲೇ ನೋಡಿಟ್ಕೊಂಡ್ರೆ ಅದು ನಾಟಕ ಆಗ್ತದೆ. ಏನಾಗ್ತದೋ ಅವರ ಮುಂದೇನೇ ಆಗ್ಲಿ," ಎಂದು ಅಭಿಲಾಷಳ ಕಡೆ ತಿರುಗಿದಳು. "ನಾಳೆ ಬೆಳಿಗ್ಗೆ ಅವರನ್ನ ಕರ್ಕೊಂಡು ಬಾರಮ್ಮ. ನಿಂಬೆಹಣ್ಣು ಅವರೇ ತರ್ಲಿ."

ಭಾನುವಾರ ಎಂಟು ಗಂಟೆಗೆ ಅಭಿಲಾಷಳ ಜೊತೆ ಪೂರ್ವಾ ಬಂದರು. ಔಷಧ ಕಂಪನಿಯೊಂದರಲ್ಲಿ ಗುಣಮಟ್ಟ ಪರೀಕ್ಷಿಸುವ ಕೆಲಸ ಅವರದು. ನಿಂಬೆಹಣ್ಣು, ಹತ್ತಿ, ಕೈಗವಸು ಎಲ್ಲ ಚೀಲದಲ್ಲಿತ್ತು. ಮುನಿಯಮ್ಮ ಮರಾಠಿಯಲ್ಲಿ ಹೇಳಿದ್ದು ಇಷ್ಟೇ: ಬುಟ್ಟಿಯಲ್ಲಿರುವುದು ಬೇಡ, ನಿಮ್ಮ ಕಣ್ಣೆದುರು ಕೋಳಿ ಇಡುವ ಮೊಟ್ಟೆಯನ್ನೇ ಪರೀಕ್ಷೆ ಮಾಡಿ.

ಹಿತ್ತಲಲ್ಲಿ ಕುರ್ಚಿ ಹಾಕಿದರು. ಕೆಂಚಿ ಹುಲ್ಲು ಹಾಸಿದ ಮಂಕರಿಗೆ ಹತ್ತಿ ಕೂತಿತು. ಹೊಸ ಮುಖ ಕಂಡದ್ದೇ ಇಳಿದು ಹೋಯಿತು. ಮತ್ತೆ ಬಂತು, ಮತ್ತೆ ಹೋಯಿತು. ಕೊನೆಗೆ ಮುನಿಯಮ್ಮ ಮಂಕರಿಗೆ ಹಳೇ ಸೀರೆಯ ಮರೆ ಕಟ್ಟಿ, ನೋಡಲು ಒಂದು ಕಡೆ ಮಾತ್ರ ಸಂದು ಬಿಟ್ಟಳು. ಯಾರೂ ಅಲುಗಾಡಬಾರದು ಎಂದು ತಾಕೀತು ಮಾಡಿದಳು. ಅಭಿಲಾಷ ಉಪ್ಪಿಟ್ಟಿನ ತಟ್ಟೆಗೆ ಚಮಚ ತಾಗಿಸದೆ ಕೈಯಲ್ಲೇ ತಿಂದಳು. ಪೂರ್ವಾ ಮೊದಮೊದಲು ಗಡಿಯಾರ ನೋಡಿಕೊಳ್ಳುತ್ತಿದ್ದರು. ಅರ್ಧ ಗಂಟೆ ಕಳೆದ ಮೇಲೆ ಕುರ್ಚಿ ಬಿಟ್ಟು ಸಂದಿನ ಮುಂದೆ ನೆಲದಲ್ಲೇ ಕುಳಿತುಬಿಟ್ಟರು.

ಒಂಬತ್ತೂ ಮುಕ್ಕಾಲಿಗೆ ಕೆಂಚಿ ಅರ್ಧ ಎದ್ದು ನಿಂತು ಗರಿಗಳನ್ನೆಲ್ಲ ಉಬ್ಬಿಸಿತು. ಮೊಟ್ಟೆ ಹುಲ್ಲಿನ ಮೇಲೆ ಜಾರಿತು. ಒದ್ದೆಯಾಗಿ ಮಿನುಗುತ್ತಿದ್ದದ್ದು ನೋಡುನೋಡುತ್ತಲೇ ಆರಿತು. ಪೂರ್ವಾ ಬಾಯಿಯ ಮೇಲೆ ಕೈಯಿಟ್ಟುಕೊಂಡರು. ದಿನಾ ಮೊಟ್ಟೆ ತಿನ್ನುತ್ತೇನೆ, ಕೋಳಿ ಇಡುವುದನ್ನು ಇವತ್ತೇ ನೋಡಿದ್ದು ಎಂದು ಪಿಸುಗುಟ್ಟಿದರು.

ಬಿಸಿ ಆರದ ಮೊಟ್ಟೆಯ ಮೇಲೆ ನಿಂಬೆರಸ ಬಿತ್ತು. ಐದು ನಿಮಿಷ ಕಾದು ಪೂರ್ವಾ ಹತ್ತಿಯಿಂದ ಉಜ್ಜಿದರು. ಹತ್ತಿ ಕಂದಾಯಿತು. ಮೊಟ್ಟೆಯ ಮೇಲೆ ಬೆರಳಗಲ ಬಿಳಿ ಪಟ್ಟೆ ಎದ್ದಿತು.

ಅತ್ತ ಕೆಂಚಿ ಮೊಟ್ಟೆ ಇಟ್ಟ ಸುದ್ದಿಯನ್ನು ಕೇರಿಗೆಲ್ಲ ಕೂಗಿ ಹೇಳುತ್ತಿತ್ತು.

ತಮ್ಮಯ್ಯ ಆ ಮೊಟ್ಟೆಯನ್ನು ಬಟ್ಟಲಿಗೆ ಒಡೆದು ಓಡನ್ನು ಬೆಳಕಿಗೆ ಹಿಡಿದ. ಒಳಮೈ ಬಿಳಿಯಾಗಿತ್ತು. ವರ್ಷಗಟ್ಟಲೆ ಕುಂಚ ಹಿಡಿದವನಿಗೆ ವಿಷಯ ತಕ್ಷಣ ಹೊಳೆಯಿತು. "ಓಡೆಲ್ಲ ಬಿಳೀದೇ. ಕೊನೇಲಿ ಮೇಲೊಂದು ಕೈ ಬಣ್ಣ ಹೊಡೆದು ಕಳಿಸ್ತದೆ ಕಣೆ ನಿನ್ನ ಕೋಳಿ. ಹುಳಿ ಬಿದ್ರೆ ಮೇಲಿನ ಬಣ್ಣ ಏಳದೆ ಇನ್ನೇನಾಗ್ತದೆ?"

ಅಭಿಲಾಷ ಅದನ್ನು ಹಿಂದಿಯಲ್ಲಿ ಹೇಳಿದಳು. ಪೂರ್ವಾ ಓಡಿನ ಚೂರನ್ನು ತಿರುಗಿಸಿ ತಿರುಗಿಸಿ ನೋಡಿದರು. ನನ್ನ ಪರೀಕ್ಷೆ ಸರಿ ಇತ್ತು, ಅರ್ಥ ಮಾಡಿಕೊಂಡದ್ದು ತಪ್ಪು ಎಂದು ನಕ್ಕು, ಮುನಿಯಮ್ಮನ ಎರಡೂ ಕೈ ಹಿಡಿದು "ಮಾವಶಿ, ಚುಕಲಂ ಮಾಝಂ," ಚಿಕ್ಕಮ್ಮಾ, ತಪ್ಪು ನನ್ನದು, ಎಂದರು. ಅಲ್ಲೇ ನಿಂತು, ಕೆಂಚಿಯನ್ನೂ ಓಡಿನ ಚೂರನ್ನೂ ತೋರಿಸಿ ಹೊಸ ವಿಡಿಯೊ ಮಾಡಿ ಗುಂಪಿಗೆ ಹಾಕಿದರು. ತಾನು ಅವಸರ ಮಾಡಿದೆನೆಂದು ಅದರಲ್ಲಿ ಸ್ಪಷ್ಟವಾಗಿಯೇ ಹೇಳಿದರು.

ಮುನಿಯಮ್ಮನಿಗೆ ಸಮಾಧಾನಕ್ಕಿಂತ ಆಶ್ಚರ್ಯವೇ ದೊಡ್ಡದಾಯಿತು. ಇಷ್ಟು ವರ್ಷ ಕೋಳಿ ಸಾಕಿಯೂ ಇದು ತನಗೆ ಗೊತ್ತಿರಲಿಲ್ಲವಲ್ಲ ಎಂದು ಆ ವಾರವೆಲ್ಲ ಒಂದೊಂದು ಕೋಳಿಯ ಓಡನ್ನೂ ಒಳಗೆ ಹೊರಗೆ ನೋಡಿದ್ದೇ ನೋಡಿದ್ದು. ಉಜ್ಜಿ ಉಜ್ಜಿ ತಮ್ಮಯ್ಯನ ಸಾರಿಗೆ ನಿಂಬೆಹಣ್ಣು ಉಳಿಯಲಿಲ್ಲ.

ಪೂರ್ವಾ ಈಗ ಅಭಿಲಾಷಳ ಸ್ಕೂಟರಿನ ಹಿಂದೆ ಕೂತು ತಿಂಗಳಿಗೆರಡು ಸಲವಾದರೂ ಬರುತ್ತಾರೆ. ಒಂಬತ್ತನೇ ಮಹಡಿಯ ಬಾಲ್ಕನಿಯಲ್ಲಿ ಒಂದು ಕೋಳಿ ಸಾಕಬಹುದೇ ಎಂದು ಅಪಾರ್ಟ್‌ಮೆಂಟಿನ ಸಭೆಯಲ್ಲಿ ಕೇಳಿ ನಗೆಪಾಟಲಾದರಂತೆ. ಹಾಗಾದರೆ ಇಲ್ಲೇ ಒಂದನ್ನು ನಿಮ್ಮದೆಂದು ಇಟ್ಟುಕೊಳ್ಳಿ ಎಂದಳು ಮುನಿಯಮ್ಮ. ಪೂರ್ವಾ ಹಿತ್ತಲೆಲ್ಲ ಸುತ್ತಾಡಿ, ಕೆಂಚಿಯನ್ನೂ ಕರಗಿಯನ್ನೂ ದಾಟಿ ಹೋಗಿ, ಬೆಳ್ಳಿಯನ್ನು ಎತ್ತಿಕೊಂಡರು. ಬಿಳಿ ಮೊಟ್ಟೆಯ ಕೋಳಿ ಯಾಕೆಂದು ಕೇಳಿದ್ದಕ್ಕೆ, ಬೇರೆ ಯಾರೂ ಕೇಳುವುದಿಲ್ಲ, ಎಲ್ಲವೂ ನನಗೇ ಸಿಗುತ್ತವೆ ಎಂದರು. ಅಷ್ಟು ದಿನ ಅವನ್ನು ತಿನ್ನುತ್ತಿದ್ದ ತಮ್ಮಯ್ಯ ಮಾತ್ರ ಅವತ್ತು ಸ್ವಲ್ಪ ಹೊತ್ತು ಮುಖ ಊದಿಸಿಕೊಂಡಿದ್ದ.